ಹಳಿ ಇಟ್ಟ ಕೈ, ಪಟದಲ್ಲಿಲ್ಲದ ಮುಖ

ಒಂದು ಪಟದಿಂದ ಶುರು ಮಾಡೋಣ.

ಒಬ್ಬಳು ಬಿಳಿ ಹೆಂಗಸು ಆಕಾಶದಲ್ಲಿ ತೇಲಿಕೊಂಡು ಬರುತ್ತಿದ್ದಾಳೆ. ಹಣೆಯ ಮೇಲೆ ನಕ್ಷತ್ರ. ಕೈಯಲ್ಲಿ ಶಾಲೆಯ ಪುಸ್ತಕ. ತಂತಿ ಎಳೆಯುತ್ತಾ ಬರುತ್ತಿದ್ದಾಳೆ, ಟೆಲಿಗ್ರಾಫ್ ತಂತಿ. ಅವಳ ಬೆನ್ನ ಹಿಂದೆ ಬೆಳಕು, ಆ ಬೆಳಕಿನಲ್ಲಿ ಹೊಗೆಯುಗುಳುವ ರೈಲುಗಳು. ಕೆಳಗೆ ನೆಲ ಉಳುವ ರೈತರು, ಗಾಡಿಗಳು, ಚಿನ್ನ ಹುಡುಕಿ ಹೊರಟವರು. ಅವಳ ಮುಂದೆ ಕತ್ತಲು. ಆ ಕತ್ತಲಿಗೆ ಕಾಡೆಮ್ಮೆಗಳು ಓಡುತ್ತಿವೆ, ಅವುಗಳ ಜೊತೆ ಒಂದಷ್ಟು ಜನವೂ ಓಡುತ್ತಿದ್ದಾರೆ.

ನಮ್ಮ ಓದುಗೂಟದಲ್ಲಿ ಈ ಪಟ ಕೈಯಿಂದ ಕೈಗೆ ಹೋಯಿತು. ಬಾಗಿಲ ಹತ್ತಿರ ಕೂತಿದ್ದ ಅಜ್ಜಿಯೊಬ್ಬಳು ಇಸ್ಕೊಂಡು ನೋಡಿದಳು. ವಯಸ್ಸಿನಲ್ಲಿ ರೈಲ್ವೆ ಗ್ಯಾಂಗಿನ ಜೊತೆ ಜಲ್ಲಿ ಹೊತ್ತವಳು. 'ಇವ್ಳು ಯಾವೂರ ಅಮ್ಮ?' ಅಂದಳು. ನಾವು ನಕ್ಕೆವು. ಆಮೇಲೆ ಕೇಳಿದಳು: 'ಮುಂದ್ಗಡೆ ಓಡ್ತಾವ್ರಲ್ಲ, ಅವ್ರು ಯಾಕಪ್ಪಾ ತಿರುಗಿ ತಿರುಗಿ ನೋಡ್ತಾವ್ರೆ?'

ನಗು ನಿಂತುಹೋಯಿತು. ಇಷ್ಟು ವರ್ಷ ಓದಿ ಪದವಿ ಪಡೆದ ನಾವು ಆ ಪಟದಲ್ಲಿ ರೈಲನ್ನು ನೋಡಿದ್ದೆವು, ಪುಸ್ತಕವನ್ನು ನೋಡಿದ್ದೆವು. ಅಕ್ಷರ ಬಾರದ ಅಜ್ಜಿ ಓಡುವವರ ಕತ್ತನ್ನು ನೋಡಿದ್ದಳು. ಈ ಲೇಖನ ಆ ಪ್ರಶ್ನೆಗೆ ಉತ್ತರ ಹುಡುಕುವ ಪ್ರಯತ್ನ.

ಪಟದ ಹೆಸರು 'ಅಮೆರಿಕದ ಪ್ರಗತಿ'. ಬರೆದವನು ಜಾನ್ ಗ್ಯಾಸ್ಟ್, 1872ರಲ್ಲಿ. ಬರೆಸಿದವನು ಜಾರ್ಜ್ ಕ್ರಾಫಟ್, ಪಶ್ಚಿಮಕ್ಕೆ ಹೋಗುವ ಪ್ರಯಾಣಿಕರಿಗೆ ರೈಲು ಮಾರ್ಗದರ್ಶಿ ಪುಸ್ತಕಗಳನ್ನು ಅಚ್ಚು ಹಾಕಿ ಮಾರುತ್ತಿದ್ದ ವ್ಯಾಪಾರಿ. ಮೂಲಚಿತ್ರ ಒಂದು ಸ್ಲೇಟಿಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ಅದರ ಅಚ್ಚುಗಳು ಮಾತ್ರ ಮನೆಮನೆ ಸೇರಿದವು, ಕೊನೆಗೆ ಪಠ್ಯಪುಸ್ತಕವನ್ನೂ ಸೇರಿದವು. ಅಂದ್ರೆ ನಾವು ಕಲೆ ಅಂತ ನೋಡುತ್ತಿರುವುದು ಹುಟ್ಟಿನಲ್ಲಿ ಒಂದು ಜಾಹೀರಾತು. ಸೋಪಿನ ಜಾಹೀರಾತಿಗೆ ಕೇಳುವ ಪ್ರಶ್ನೆಯನ್ನೇ ಇದಕ್ಕೂ ಕೇಳಬೇಕು. ಏನನ್ನು ಮಾರುತ್ತಿದ್ದಾರೆ? ಯಾವುದನ್ನು ಮುಚ್ಚಿಡುತ್ತಿದ್ದಾರೆ?

ಮಾರುತ್ತಿದ್ದುದು ಭೂಮಿ. ಮುಚ್ಚಿಟ್ಟದ್ದು ಅದು ಯಾರದು ಅನ್ನುವುದನ್ನು.

ಕಾಲೇಜಿನಲ್ಲಿ ನಮಗೆ ಒಂದೇ ಸಾಲಿನಲ್ಲಿ ಪಾಠ ಮುಗಿಸಿದರು: ಖಾಲಿ ಬಿದ್ದಿದ್ದ ಪಶ್ಚಿಮವನ್ನು ರೈಲು ತೆರೆಯಿತು. ಹಾಗಾದರೆ ಕಾನೂನನ್ನೇ ನೋಡೋಣ. ಅಧ್ಯಕ್ಷ ಲಿಂಕನ್ 1862ರ ಜುಲೈ 1ರಂದು ಸಹಿ ಹಾಕಿದ ಪೆಸಿಫಿಕ್ ರೈಲ್ವೆ ಕಾಯ್ದೆಯಲ್ಲೇ ಒಂದು ಮಾತಿದೆ. ಹಳಿ ಹೋಗುವ ದಾರಿಯ ನೆಲದ ಮೇಲೆ ಇಂಡಿಯನ್ನರಿಗಿರುವ ಹಕ್ಕನ್ನು ಸರ್ಕಾರ ಆದಷ್ಟು ಬೇಗ ಅಳಿಸಿಹಾಕಬೇಕು ಎಂದು ಅದು ಹೇಳುತ್ತದೆ. ಹಕ್ಕೇ ಇಲ್ಲದ ಕಡೆ ಹಕ್ಕು ಅಳಿಸುವ ಮಾತು ಯಾಕೆ ಬರುತ್ತೆ? ಖಾಲಿ ನೆಲ ಅನ್ನೋದು ಚಿತ್ರಗಾರ ಹೇಳಿದ ಸುಳ್ಳು. ಕಾಯ್ದೆ ಬರೆದವರಿಗೆ ನಿಜ ಚೆನ್ನಾಗಿ ಗೊತ್ತಿತ್ತು.

ಹಳ್ಳಿ ಶಾಲೆಯ ಮೇಷ್ಟ್ರುಗಳು ಇಲ್ಲಿ ಒಂದು ಲೆಕ್ಕ ಮಾಡಬಹುದು. ಕಂಪನಿಗಳಿಗೆ ಸರ್ಕಾರ ಒಂದು ಮೈಲಿಗೆ 16,000, 32,000, ಬೆಟ್ಟದ ಮೇಲಾದರೆ 48,000 ಡಾಲರ್ ಲೆಕ್ಕದಲ್ಲಿ ಸಾಲಪತ್ರ ಕೊಟ್ಟಿತು. ಅದರ ಮೇಲೆ ಭೂಮಿ. ಹಳಿಯ ಎರಡೂ ಬದಿಯ ನೆಲವನ್ನು ಚದುರಂಗದ ಮಣೆಯ ಹಾಗೆ ಚೌಕ ಹಾಕಿ, ಒಂದು ಬಿಟ್ಟು ಒಂದು ಚೌಕ ಕಂಪನಿಗೆ. ಒಂದು ಚೌಕ ಅಂದರೆ 640 ಎಕರೆ. 1864ರಲ್ಲಿ ಈ ಇನಾಮನ್ನು ಎರಡು ಪಟ್ಟು ಮಾಡಿದರು: ಒಂದು ಮೈಲಿ ಹಳಿಗೆ 20 ಚೌಕ, 12,800 ಎಕರೆ. ಹೀಗೆ ನಾನಾ ರೈಲ್ವೆ ಕಂಪನಿಗಳಿಗೆ ಕೇಂದ್ರ ಸರ್ಕಾರ ಕೊಟ್ಟ ಒಟ್ಟು ನೆಲ ಸುಮಾರು 13 ಕೋಟಿ ಎಕರೆ.

ಇದೇ ಹೊತ್ತಿನಲ್ಲಿ ಇನ್ನೊಂದು ನಡೆಯಿತು. 1865ರ ಜನವರಿಯಲ್ಲಿ, ಅಂತರ್ಯುದ್ಧ ಮುಗಿಯುವ ಮುನ್ನ, ಸೇನಾಪತಿ ಶರ್ಮನ್ ದಕ್ಷಿಣದ ಕಡಲ ತೀರದ ಜಮೀನನ್ನು ಬಿಡುಗಡೆಯಾದ ಗುಲಾಮರ ಕುಟುಂಬಗಳಿಗೆ 40 ಎಕರೆ ಮೀರದಂತೆ ಹಂಚಲು ಆಜ್ಞೆ ಮಾಡಿದ. ಸುಮಾರು 40,000 ಜನ ಹೋಗಿ ಉತ್ತು ಬಿತ್ತಿದರು. ಲಿಂಕನ್ ಕೊಲೆಯಾದ ಮೇಲೆ ಬಂದ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಅದೇ ವರ್ಷ ಆ ನೆಲವನ್ನು ಹಳೇ ಧಣಿಗಳಿಗೆ ವಾಪಸು ಕೊಡಿಸಿದ. ತಲೆಮಾರುಗಟ್ಟಲೆ ಬಿಟ್ಟಿ ದುಡಿದವನಿಗೆ 40 ಎಕರೆ ಕೊಡಲು ಆ ದೇಶಕ್ಕೆ ಕೈ ಬರಲಿಲ್ಲ. 12,800 ಎಕರೆಯನ್ನು ನಲವತ್ತರಿಂದ ಭಾಗಿಸಿ: 320. ಒಂದೇ ಒಂದು ಮೈಲಿ ಹಳಿಗೆ ಕೊಟ್ಟ ನೆಲದಲ್ಲಿ 320 ಕುಟುಂಬ ಬದುಕಬಹುದಿತ್ತು. ಉಳುವವನಿಗೆ ನೆಲ ಕೇಳಿದಾಗಲೆಲ್ಲ 'ನೆಲ ಎಲ್ಲಿದೆ?' ಅನ್ನುವವರು ಎಲ್ಲ ದೇಶದಲ್ಲೂ ಇರುತ್ತಾರೆ. ಈ ಲೆಕ್ಕ ಅವರಿಗೆ.

ಹಾಗಂತ ರೈಲಿನಿಂದ ಏನೂ ಬೆಳೆಯಲಿಲ್ಲ ಅಂತ ನಾವು ಹೇಳಿದರೆ ಅದೂ ಸುಳ್ಳೇ. ಬೆಳೆಯಿತು, ಕಣ್ಣು ಕುಕ್ಕುವ ಹಾಗೆ ಬೆಳೆಯಿತು. 1860ರಲ್ಲಿ 30,000 ಮೈಲಿಯಷ್ಟಿದ್ದ ಹಳಿ 1890ರ ಹೊತ್ತಿಗೆ 1,60,000 ಮೈಲಿ ದಾಟಿತು. ಎತ್ತಿನ ಗಾಡಿಯಲ್ಲಿ ನಾಲ್ಕಾರು ತಿಂಗಳು ಹಿಡಿಯುತ್ತಿದ್ದ ಕ್ಯಾಲಿಫೋರ್ನಿಯದ ದಾರಿ ಒಂದು ವಾರದ್ದಾಯಿತು. 1850ರಲ್ಲಿ 30,000 ಜನರಿದ್ದ ಶಿಕಾಗೋ ನಲವತ್ತೇ ವರ್ಷದಲ್ಲಿ 11 ಲಕ್ಷದ ನಗರವಾಯಿತು. ಬಯಲಿನ ಗೋಧಿ, ಟೆಕ್ಸಸ್‌ನ ದನ, ಮಿಚಿಗನ್ನಿನ ಮರ, ಎಲ್ಲವೂ ಅಲ್ಲಿಗೆ ಬಂದು ದುಡ್ಡಾಗಿ ಹೋದವು. 1883ರ ನವೆಂಬರ್ 18ರಂದು ರೈಲ್ವೆ ಕಂಪನಿಗಳು ಸೇರಿ ಇಡೀ ದೇಶದ ಗಡಿಯಾರವನ್ನೇ ತಿದ್ದಿದವು. ಅಲ್ಲೀತನಕ ಪ್ರತಿ ಊರಿಗೂ ಅದರ ಸೂರ್ಯನೇ ಗಡಿಯಾರ. ಕಂಪನಿಗಳು ಇಟ್ಟ ಹೊತ್ತಿಗೆ ಸರ್ಕಾರ ಕಾನೂನಿನ ಮುದ್ರೆ ಒತ್ತಿದ್ದು 1918ರಲ್ಲಿ.

ಊರುಗಳನ್ನು ಹುಟ್ಟಿಸಿದ್ದೂ ಅವೇ. ನೆಬ್ರಾಸ್ಕದಲ್ಲಿ ಬರ್ಲಿಂಗ್ಟನ್ ಕಂಪನಿಯ ಹಳಿಯುದ್ದಕ್ಕೂ ಊರ ಹೆಸರು ನೋಡಿ: ಕ್ರೀಟ್, ಡಾರ್ಚೆಸ್ಟರ್, ಎಕ್ಸೆಟರ್, ಫೇರ್‌ಮಾಂಟ್, ಗ್ರಾಫ್ಟನ್, ಹಾರ್ವರ್ಡ್. ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲೇ ಸಿ, ಡಿ, ಇ, ಎಫ್, ಜಿ, ಎಚ್! ಗೋದಾಮಿನ ಮೂಟೆಗೆ ನಂಬರು ಹಾಕಿದ ಹಾಗೆ ಊರಿಗೆ ಹೆಸರು. ಜರ್ಮನಿಯ ಹಣ ಬರಲಿ ಅಂತ 1873ರಲ್ಲಿ ಒಂದು ಊರಿಗೆ ಬಿಸ್ಮಾರ್ಕ್ ಅಂತಲೇ ಹೆಸರಿಟ್ಟರು. ಯೂರೋಪಿನ ಊರೂರಿಗೆ ಏಜೆಂಟರನ್ನು ಕಳಿಸಿ, ಬನ್ನಿ ನೆಲ ಕೊಳ್ಳಿ ಅಂತ ಬಡರೈತರನ್ನು ಕರೆತಂದರು. ಆ ರೈತರೂ ನಮ್ಮಂಥ ಬಡವರೇ. ಅವರ ಮೇಲೆ ನಮಗೆ ಹಗೆಯಿಲ್ಲ.

ಆದರೆ ಆ ಬಯಲಿಗೆ ಮೊದಲೇ ಹೆಸರುಗಳಿದ್ದವು. ಅಲ್ಲಿ ಪಾನಿ ಬುಡಕಟ್ಟಿನವರಿದ್ದರು. ಷಯೆನ್, ಲಕೋಟ ಯೋಧರು ರೈಲನ್ನು ತಡೆದು ನಿಂತಾಗ, 1867ರಲ್ಲಿ ಪ್ಲಮ್ ಕ್ರೀಕಿನ ಹತ್ತಿರ ಷಯೆನ್ನರು ಒಂದು ಗಾಡಿಯನ್ನೇ ಹಳಿ ತಪ್ಪಿಸಿ ಕೆಡವಿದಾಗ, ಹಳಿಗೆ ಕಾವಲು ನಿಂತವರು ಇದೇ ಪಾನಿಗಳು. ಹಳೇ ವೈರಿಗಳ ಎದುರು ಸರ್ಕಾರ ತಮ್ಮ ಕೈ ಹಿಡಿಯುತ್ತದೆ ಅಂತ ನಂಬಿದ್ದರು. ಹತ್ತು ವರ್ಷದೊಳಗೆ ಅವರನ್ನೂ ನೆಬ್ರಾಸ್ಕದಿಂದ ಎತ್ತಿ ದಕ್ಷಿಣದ ಇಂಡಿಯನ್ ಸೀಮೆಗೆ ಸಾಗಿಸಲಾಯಿತು. ಕೋಟಿಗಟ್ಟಲೆ ಇದ್ದ ಕಾಡೆಮ್ಮೆಗಳ ಚರ್ಮ ರೈಲು ಹತ್ತಿ ಪೂರ್ವದ ಕಾರ್ಖಾನೆ ಸೇರಿತು. 1880ರ ದಶಕ ಮುಗಿಯುವಾಗ ಕಾಡಿನಲ್ಲಿ ಉಳಿದದ್ದು ಒಂದು ಸಾವಿರಕ್ಕೂ ಕಡಿಮೆ. ಅನ್ನವೇ ಹೋದ ಮೇಲೆ ಜನ ಎಲ್ಲಿಗೆ ಓಡಬೇಕು? ಅಜ್ಜೀ, ಅವರು ತಿರುಗಿ ನೋಡುತ್ತಿರುವುದು ಆ ಹೆಂಗಸಿನ ಚೆಂದಕ್ಕಲ್ಲ. ಬಿಟ್ಟು ಬಂದ ಒಲೆ ಇನ್ನೂ ಹಿಂದೆ ಉರಿಯುತ್ತಿದೆ.

ಅರ್ಥಶಾಸ್ತ್ರಜ್ಞರ ನಡುವೆ ಇದರ ಬಗ್ಗೆ ಒಂದು ದೊಡ್ಡ ಜಗಳವಿದೆ. ರಾಬರ್ಟ್ ಫೋಗಲ್ ಎಂಬಾತ 1964ರಲ್ಲಿ ಪುಸ್ತಕ ಬರೆದು, ರೈಲು ಇಲ್ಲದಿದ್ದರೂ ಕಾಲುವೆ, ನದಿ, ಗಾಡಿಗಳಿಂದಲೇ ಬಹುಪಾಲು ಕೆಲಸ ನಡೆಯುತ್ತಿತ್ತು, 1890ರಲ್ಲಿ ದೇಶದ ವರಮಾನಕ್ಕೆ ಆಗುತ್ತಿದ್ದ ನಷ್ಟ ನೂರಕ್ಕೆ ಐದರ ಒಳಗೆ ಅಂದ. 1993ರಲ್ಲಿ ಅವನಿಗೆ ನೊಬೆಲ್ ಬಂತು. 2016ರಲ್ಲಿ ಡೊನಾಲ್ಡ್‌ಸನ್ ಮತ್ತು ಹಾರ್ನ್‌ಬೆಕ್ ಎಂಬ ಇಬ್ಬರು ಬೇರೆ ರೀತಿ ಲೆಕ್ಕ ಹಾಕಿ, 1890ರಲ್ಲಿ ರೈಲನ್ನೆಲ್ಲ ತೆಗೆದುಬಿಟ್ಟರೆ ಸಾಗುವಳಿ ಭೂಮಿಯ ಒಟ್ಟು ಬೆಲೆ ನೂರಕ್ಕೆ ಅರವತ್ತರಷ್ಟು ಬಿದ್ದುಹೋಗುತ್ತಿತ್ತು ಅಂದರು. ಯಾರ ಲೆಕ್ಕ ಸರಿ ಅಂತ ತೀರ್ಮಾನ ಮಾಡುವುದು ಪಂಡಿತರಿಗೆ ಬಿಟ್ಟದ್ದು. ನಮ್ಮ ತಕರಾರು ಬೇರೆ. ನೆಲದ ಬೆಲೆಯನ್ನು ಅಳೆಯುವ ಕೋಲು ನೆಲ ಯಾರ ಕೈ ತಪ್ಪಿತು ಅನ್ನುವುದನ್ನು ಅಳೆಯಲಾರದು. ಪಾನಿಗಳ ಕೈಯಲ್ಲಿದ್ದಾಗ ಆ ಬಯಲಿಗೆ ಪೇಟೆಯ ಬೆಲೆಯೇ ಇರಲಿಲ್ಲ. ಅವರಿಂದ ಕಿತ್ತ ದಿನ ಅದಕ್ಕೆ ಬೆಲೆ ಬಂತು. ಲೆಕ್ಕದ ಪುಸ್ತಕದಲ್ಲಿ ಇದು ಬೆಳವಣಿಗೆ ಅಂತ ಜಮೆ ಆಗುತ್ತದೆ. ಕಳೆದುಕೊಂಡವನ ಖಾತೆಯೇ ಆ ಪುಸ್ತಕದಲ್ಲಿಲ್ಲ.

ಇನ್ನು ಎರಡನೇ ಪಟ. ಇದು ಫೋಟೋ. 1869ರ ಮೇ 10, ಯೂಟಾ ಸೀಮೆಯ ಪ್ರಾಮಂಟರಿ. ಪೂರ್ವದಿಂದ ಬಂದ ಯೂನಿಯನ್ ಪೆಸಿಫಿಕ್, ಪಶ್ಚಿಮದಿಂದ ಬಂದ ಸೆಂಟ್ರಲ್ ಪೆಸಿಫಿಕ್, ಎರಡರ ಹಳಿಯೂ ಅಲ್ಲಿ ಕೂಡಿದವು. ಎದುರುಬದುರು ಎರಡು ಎಂಜಿನ್ನು, ಕೈ ಕುಲುಕುವ ಎಂಜಿನಿಯರುಗಳು, ಮೇಲೆ ಹತ್ತಿ ಬಾಟಲಿ ಚಾಚಿದವರು, ಸುತ್ತ ಟೋಪಿಯ ಗುಂಪು. ತೆಗೆದವನು ಆಂಡ್ರ್ಯೂ ರಸ್ಸೆಲ್. ಸೆಂಟ್ರಲ್ ಪೆಸಿಫಿಕ್ಕಿನ ಕೂಲಿಗಳಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಚೀನೀಯರು. ಒಟ್ಟು ಹತ್ತರಿಂದ ಇಪ್ಪತ್ತು ಸಾವಿರ ಜನ ಸಿಯೆರಾ ನೆವಾಡದ ಕಗ್ಗಲ್ಲನ್ನು ಸುತ್ತಿಗೆ, ಉಳಿ, ಸಿಡಿಮದ್ದಿನಿಂದ ಕೊರೆದು, ಹಿಮದಡಿ ಹೂತುಹೋಗಿ, ಹಳಿ ಹಾಕಿದರು. ಈ ಫೋಟೋದಲ್ಲಿ ಹುಡುಕಿದರೆ ಚೀನೀ ಅನ್ನಬಹುದಾದವರು ಒಬ್ಬರೋ ಇಬ್ಬರೋ. ಅದೇ ದಿನ ಅದೇ ರಸ್ಸೆಲ್ ಕೊನೆಯ ಹಳಿ ಕೂರಿಸುತ್ತಿರುವ ಚೀನೀ ಕೂಲಿಗಳ ಪಟವನ್ನೂ ತೆಗೆದಿದ್ದ. ಕ್ಯಾಮರಾ ಅವರನ್ನು ಕಂಡಿತ್ತು. ಪಠ್ಯಪುಸ್ತಕದವರಿಗೆ ಬಾಟಲಿಯ ಪಟವೇ ಬೇಕಾಯಿತು.

ಈ ಕೂಲಿಗಳು ಬಾಯಿಲ್ಲದವರಾಗಿರಲಿಲ್ಲ. ಬಿಳಿಯ ಕೂಲಿಗೆ ಸಂಬಳದ ಮೇಲೆ ಊಟ, ವಸತಿ. ಚೀನೀಯನಿಗೆ ಕಮ್ಮಿ ಸಂಬಳ, ಅದರಲ್ಲೇ ಊಟ. 1867ರ ಜೂನಿನಲ್ಲಿ ಸುಮಾರು 3,000 ಜನ ಹಾರೆ ಕೆಳಗಿಟ್ಟರು. ತಿಂಗಳಿಗೆ 40 ಡಾಲರ್ ಕೊಡಿ, ಸುರಂಗದಲ್ಲಿ ದುಡಿಯುವ ಹೊತ್ತು ಇಳಿಸಿ ಅಂದರು. ಗಲಾಟೆಯಿಲ್ಲ, ಕಲ್ಲು ತೂರಾಟವಿಲ್ಲ. ಕಂಪನಿಯ ಯಜಮಾನರಲ್ಲೊಬ್ಬನಾದ ಚಾರ್ಲ್ಸ್ ಕ್ರಾಕರ್ ಬಂದೂಕು ಎತ್ತಲಿಲ್ಲ. ಬೆಟ್ಟದ ಮೇಲಕ್ಕೆ ಹೋಗುವ ರೇಷನ್ ನಿಲ್ಲಿಸಿದ, ಅಷ್ಟೆ. ಒಂದು ವಾರ. ಹೊಟ್ಟೆ ಸೋತಿತು. ಊರಿನ ಅಂಗಡಿ, ಬಾವಿ, ಕೂಲಿ ಮೂರನ್ನೂ ಒಂದೇ ದಿನ ಮುಚ್ಚುವ ಬಹಿಷ್ಕಾರದ ರುಚಿ ಗೊತ್ತಿರುವ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

1869ರ ಏಪ್ರಿಲ್ 28ರಂದು ಒಂದೇ ದಿನ 10 ಮೈಲಿ 56 ಅಡಿ ಹಳಿ ಹಾಕಿದರು. ಹಳಿ ಎತ್ತಿಟ್ಟ ಎಂಟು ಮಂದಿ ಐರಿಷರ ಹೆಸರು ಇವತ್ತಿಗೂ ದಾಖಲೆಯಲ್ಲಿದೆ. ಇರಲಿ, ಅವರೂ ದುಡಿದ ಜನವೇ, ಅವರ ಹೆಸರು ಇರಬೇಕಾದ್ದೇ. ಆದರೆ ಅವತ್ತು ಅವರ ಜೊತೆ ದುಡಿದ ಸಾವಿರಾರು ಚೀನೀಯರದು ಒಂದು ಹೆಸರೂ ಇಲ್ಲ. ಸಂಬಳದ ಪುಸ್ತಕದಲ್ಲಿ ಬಹುಪಾಲು ಮೇಸ್ತ್ರಿಯ ಹೆಸರು, ಅದರ ಮುಂದೆ ತಲೆಗಳ ಲೆಕ್ಕ. ಸತ್ತವರ ಲೆಕ್ಕವನ್ನಂತೂ ಕಂಪನಿ ಇಡಲೇ ಇಲ್ಲ. ಕೆಲಸ ಮುಗಿದ 13 ವರ್ಷಕ್ಕೆ, 1882ರಲ್ಲಿ, ಚೀನೀ ಕೂಲಿಗಳು ದೇಶದೊಳಗೆ ಕಾಲಿಡಬಾರದು, ಚೀನೀಯರು ನಾಗರಿಕರಾಗಬಾರದು ಅಂತ ಕಾಯ್ದೆ ಬಂತು. 1943ರವರೆಗೂ ಅದು ಇತ್ತು. 1969ರಲ್ಲಿ ಪ್ರಾಮಂಟರಿಯ ಶತಮಾನೋತ್ಸವ. ಸಾರಿಗೆ ಮಂತ್ರಿ ಅಮೆರಿಕನ್ನರ ಕೆಚ್ಚನ್ನು ಹೊಗಳಿ ಭಾಷಣ ಬಿಗಿದ, ಚೀನೀಯರ ಸುದ್ದಿ ಎತ್ತಲಿಲ್ಲ. ಅವರ ಹೆಸರು ಅಲ್ಲಿನ ಕಾರ್ಮಿಕ ಇಲಾಖೆಯ ಗೌರವಪಟ್ಟಿ ಸೇರಿದ್ದು 2014ರಲ್ಲಿ, 145 ವರ್ಷ ತಡವಾಗಿ. ಚಿನ್ನದ ಮೊಳೆ ಹೊಡೆದ ಯಜಮಾನ ಲೀಲೆಂಡ್ ಸ್ಟ್ಯಾನ್‌ಫರ್ಡ್ ಕಟ್ಟಿದ ವಿಶ್ವವಿದ್ಯಾಲಯವೇ 2012ರಿಂದ ಆ ಕೂಲಿಗಳ ಗುರುತು ಹುಡುಕಲು ಹೊರಟಿತು. ಅವರಲ್ಲೊಬ್ಬ ಬರೆದ ಒಂದು ಕಾಗದವಾಗಲಿ, ದಿನಚರಿಯಾಗಲಿ ಸಿಗಲಿಲ್ಲ.

ದಕ್ಷಿಣದ ಕತೆ ಇನ್ನೂ ಕ್ರೂರ. ಅಂತರ್ಯುದ್ಧಕ್ಕೆ ಮುಂಚೆ ಅಲ್ಲಿನ ಹಳಿಗಳ ಬಹುಭಾಗವನ್ನು ಹಾಕಿದವರು ಗುಲಾಮರು. 1865ರಲ್ಲಿ ಗುಲಾಮಗಿರಿ ರದ್ದಾಯಿತು, ಆದರೆ ತಿದ್ದುಪಡಿಯಲ್ಲೇ ಒಂದು ಕಿಂಡಿ ಬಿಟ್ಟಿದ್ದರು: ಅಪರಾಧಕ್ಕೆ ಶಿಕ್ಷೆಯಾಗಿ ಮಾಡಿಸಬಹುದು. ಕೆಲಸವಿಲ್ಲದೆ ತಿರುಗಿದರೆ ಅಪರಾಧ, ಸಣ್ಣ ಕಳ್ಳತನಕ್ಕೆ ವರ್ಷಗಟ್ಟಲೆ ಜೈಲು. ಜೈಲಿನಿಂದ ನೇರ ರೈಲ್ವೆ ಕೆಲಸಕ್ಕೆ ಬಾಡಿಗೆ. 1882ರ ಡಿಸೆಂಬರ್ 30ರಂದು ನಾರ್ತ್ ಕರೋಲಿನದ ಕೌವೀ ಸುರಂಗಕ್ಕೆ ಕರೆದೊಯ್ಯುತ್ತಿದ್ದ ದೋಣಿ ಮುಳುಗಿತು. ಕಾಲಿಗೆ ಸಂಕೋಲೆಯಿದ್ದ 19 ಕೈದಿಗಳು ಈಜಲಾಗದೆ ಸತ್ತರು. ಜಾನ್ ಹೆನ್ರಿಯ ಲಾವಣಿಯನ್ನು ವಿಮರ್ಶಕರು ಮನುಷ್ಯ ಮತ್ತು ಯಂತ್ರದ ಹೋರಾಟ ಅಂತ ಓದುತ್ತಾರೆ. ಸುತ್ತಿಗೆ ಹಿಡಿದು ಯಂತ್ರವನ್ನು ಸೋಲಿಸಿ ಎದೆಯೊಡೆದು ಸತ್ತ ಕರಿಯ. ನಮಗೆ ಹಾಗೆ ಓದಲು ಮನಸ್ಸು ಬರುವುದಿಲ್ಲ. ಯಂತ್ರಕ್ಕೆ ಯಾವ ಹಗೆ? ಅವರಿಬ್ಬರಿಗೂ ಪಂದ್ಯ ಕಟ್ಟಿ ಪಕ್ಕದಲ್ಲಿ ನಿಂತು ನೋಡಿದನಲ್ಲ, ಆ ಗುತ್ತಿಗೆದಾರ ಯಾಕೆ ವಿಮರ್ಶೆಯಲ್ಲಿ ಬರೋದಿಲ್ಲ?

ಹಳಿ ಮುಗಿಯಿತು, ಗಾಡಿ ಓಡಿತು. ಒಳಗೆ ಯಾರು ಎಲ್ಲಿ ಕೂರಬೇಕು?

ಕಾರ್ಲ್ ಮಾರ್ಕ್ಸ್ 1853ರ ಜುಲೈನಲ್ಲಿ ಭಾರತದ ಬಗ್ಗೆ ಒಂದು ಲೇಖನ ಬರೆದ. ರೈಲಿನಿಂದ ಹುಟ್ಟುವ ಕೈಗಾರಿಕೆ ಜಾತಿಗೆ ಆಧಾರವಾದ ವಂಶಪಾರಂಪರ್ಯದ ಕಸುಬುಗಳನ್ನು ಕರಗಿಸಿಬಿಡುತ್ತದೆ ಎಂದು ಅದರಲ್ಲಿ ಭರವಸೆಯಿಟ್ಟ. ಆ ಲೇಖನ ಅಚ್ಚಾದದ್ದು ನ್ಯೂಯಾರ್ಕಿನ ಟ್ರಿಬ್ಯೂನ್ ಪತ್ರಿಕೆಯಲ್ಲಿ. ನಮ್ಮಲ್ಲಿ ಜಾತಿ ರೈಲಿನಲ್ಲಿ ಕರಗಿತೋ ಇಲ್ಲವೋ ನಮಗೇ ಗೊತ್ತು. ಆ ಪತ್ರಿಕೆಯ ನಾಡಿನಲ್ಲಿ ಏನಾಯಿತು ನೋಡಿ. ಐಡಾ ವೆಲ್ಸ್ ಟೆನ್ನೆಸ್ಸಿಯ ಶಾಲೆಯೊಂದರಲ್ಲಿ ಟೀಚರು, ಗುಲಾಮಗಿರಿಯಲ್ಲಿ ಹುಟ್ಟಿದವಳು. ಹೆಂಗಸರ ಬೋಗಿಗೆ ಟಿಕೆಟ್ ತಗೊಂಡು ಕೂತವಳನ್ನು ಕರಿಯಳು ಅಂತ ಹೊರಗೆಳೆದರು. ದಾವೆ ಹೂಡಿ 1884ರಲ್ಲಿ ಗೆದ್ದು 500 ಡಾಲರ್ ಪರಿಹಾರ ಪಡೆದಳು. 1887ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಅದನ್ನು ಹೊಡೆದುಹಾಕಿತು. 1892ರಲ್ಲಿ ನ್ಯೂ ಆರ್ಲಿಯನ್ಸಿನ ಹೋಮರ್ ಪ್ಲೆಸ್ಸಿ ಬೇಕೆಂದೇ ಬಿಳಿಯರ ಬೋಗಿಯಲ್ಲಿ ಕೂತು ಬಂಧನಕ್ಕೊಳಗಾದ. ಕಸುಬಿನಲ್ಲಿ ಅವನು ಷೂ ಹೊಲಿಯುವವನು. ಚರ್ಮ ಹೊಲಿಯುವ ಕೈಯೊಂದು ಸಂವಿಧಾನದ ಬಾಗಿಲು ಬಡಿಯಿತು. 1896ರಲ್ಲಿ ದೇಶದ ಸುಪ್ರೀಂ ಕೋರ್ಟು, ಬೇರೆ ಕೂರಿಸಿದರೂ ಸಮಾನತೆಗೆ ಧಕ್ಕೆಯಿಲ್ಲ ಅಂತ ತೀರ್ಪು ಕೊಟ್ಟಿತು. ರೈಲು ಬೋಗಿಗೆ ಅಂತ ಕೊಟ್ಟ ಆ ತೀರ್ಪು ಶಾಲೆಗೆ, ನಲ್ಲಿಗೆ, ಆಸ್ಪತ್ರೆಗೆ ಹಬ್ಬಿತು. ಶಾಲೆಯ ಮಟ್ಟಿಗೆ ಮುರಿದದ್ದು 1954ರಲ್ಲಿ. ಯಂತ್ರ ತಾನಾಗಿ ಯಾವ ಗೋಡೆಯನ್ನೂ ಕೆಡವುವುದಿಲ್ಲ. ಯಾರ ಕೈಯಲ್ಲಿದೆಯೋ ಅವರ ಗೋಡೆಗೆ ಚಕ್ರ ಕೊಡುತ್ತದೆ.

ಕಾರ್ಮಿಕ ಸಂಘಟನೆಯ ಗೆಳೆಯರಿಗೂ ಒಂದು ಮಾತು. 1894ರ ಪುಲ್ಮನ್ ಮುಷ್ಕರ ಅಮೆರಿಕದ ದೊಡ್ಡ ಹೋರಾಟಗಳಲ್ಲೊಂದು. ಅದನ್ನು ನಡೆಸಿದ ರೈಲ್ವೆ ಯೂನಿಯನ್ ಅದೇ ಜೂನಿನ ಸಮ್ಮೇಳನದಲ್ಲಿ, ನಾಯಕ ಯೂಜೀನ್ ಡೆಬ್ಸ್ ಬೇಡವೆಂದರೂ, ಕೆಲವೇ ಮತಗಳ ಅಂತರದಿಂದ ಕರಿಯರನ್ನು ಹೊರಗಿಟ್ಟಿತು. ಮುಷ್ಕರ ಸೋತಿತು.

ಊರಿನ ಕತೆಯೂ ಇದೆ. ಕೆಂಟಕಿಯಿಂದ ಹೊರಟ ಬಿಡುಗಡೆಯ ಗುಲಾಮರು 1877ರಲ್ಲಿ ಕ್ಯಾನ್ಸಸ್ಸಿನ ಬಯಲಿನಲ್ಲಿ ನಿಕೊಡೀಮಸ್ ಎಂಬ ಊರು ಕಟ್ಟಿದರು. ಮೊದಮೊದಲು ನೆಲ ತೋಡಿ ಗುಳಿಯಲ್ಲಿ ಬದುಕಿದರು. ಶಾಲೆ, ಚರ್ಚು, ಪತ್ರಿಕೆ ಎಲ್ಲ ಬಂತು. ರೈಲೊಂದು ಬರಲಿ ಅಂತ ಕಾದರು, ಅದಕ್ಕಾಗಿ ಸಾಲಪತ್ರಕ್ಕೂ ಒಪ್ಪಿದರು. 1888ರಲ್ಲಿ ಹಳಿ ಬಂತು, ಆದರೆ ನದಿಯ ಆಚೆ ದಂಡೆಯಲ್ಲಿ ಹಾದುಹೋಯಿತು. ಅಂಗಡಿಗಳು ಹಳಿಯ ಹತ್ತಿರಕ್ಕೆ ಗುಳೆ ಎದ್ದವು. ಗ್ಯಾಸ್ಟನ ಪಟದಲ್ಲಿ ಬೆಳಕು ಎಲ್ಲರ ಮೇಲೂ ಬೀಳುತ್ತದೆ. ನಿಕೊಡೀಮಸ್ಸಿನವರು ಅದನ್ನು ದೂರದಿಂದ ನೋಡಿದರು.

ಇಷ್ಟೇ ಆಗಿದ್ದರೆ ರೈಲನ್ನು ಬೈದು ಮುಗಿಸಬಹುದಿತ್ತು. ಆದರೆ ಅದೇ ಹಳಿಯನ್ನು ತುಳಿತಕ್ಕೊಳಗಾದವರು ತಮ್ಮ ದಾರಿ ಮಾಡಿಕೊಂಡರು. ಪುಲ್ಮನ್ ಕಂಪನಿ ಮಲಗುವ ಬೋಗಿಯ ಚಾಕರಿಗೆ ಕರಿಯರನ್ನೇ ಇಟ್ಟಿತು. ಪ್ರಯಾಣಿಕರು ಅವರ ಹೆಸರು ಕೇಳುತ್ತಿರಲಿಲ್ಲ, ಎಲ್ಲರನ್ನೂ 'ಜಾರ್ಜ್' ಅಂತ ಯಜಮಾನನ ಹೆಸರಿನಲ್ಲೇ ಕರೆಯುತ್ತಿದ್ದರು. ಆ 'ಜಾರ್ಜ್'ಗಳು 'ಶಿಕಾಗೋ ಡಿಫೆಂಡರ್' ಪತ್ರಿಕೆಯನ್ನು ಗುಟ್ಟಾಗಿ ದಕ್ಷಿಣಕ್ಕೆ ಒಯ್ದು ಹಂಚಿದರು. ಅದನ್ನು ಓದಿದವರು, ಓದಿಸಿ ಕೇಳಿದವರು, ಬಟ್ಟೆಗಂಟು ಕಟ್ಟಿ ಇಲಿನಾಯ್ ಸೆಂಟ್ರಲ್ ರೈಲು ಹತ್ತಿ ಶಿಕಾಗೋ ಸೇರಿದರು. 1910ರಿಂದ 1970ರ ನಡುವೆ ಹೀಗೆ ದಕ್ಷಿಣ ಬಿಟ್ಟವರು ಸುಮಾರು 60 ಲಕ್ಷ. ಚಾಕರಿಯವರು ಫಿಲಿಪ್ ರಾಂಡಾಲ್ಫ್ ಮುಂದಾಳ್ತನದಲ್ಲಿ 1925ರಲ್ಲಿ ಸಂಘ ಕಟ್ಟಿ, 12 ವರ್ಷ ಪಟ್ಟು ಹಿಡಿದು, 1937ರಲ್ಲಿ ಕಂಪನಿಯಿಂದ ಒಪ್ಪಂದ ಬರೆಸಿಕೊಂಡರು. 1955ರಲ್ಲಿ ಮಾಂಟ್ಗೊಮರಿಯ ಬಸ್ಸಿನಲ್ಲಿ ಸೀಟು ಬಿಡದ ರೋಸಾ ಪಾರ್ಕ್ಸ್‌ಳನ್ನು ಜಾಮೀನಿನ ಮೇಲೆ ಬಿಡಿಸಿಕೊಂಡು ಬಂದ ಇ. ಡಿ. ನಿಕ್ಸನ್ ಇದೇ ಸಂಘದ ಪುಲ್ಮನ್ ಚಾಕರ. ಪ್ಲೆಸ್ಸಿ ಕೂತ ಸೀಟಿನಿಂದ ಆ ಬಸ್ಸಿನ ಸೀಟಿನವರೆಗೆ 63 ವರ್ಷ.

ಗ್ಯಾಸ್ಟನ ಪಟ ಬಂದ ಮರುವರ್ಷ, 1873ರಲ್ಲಿ, ಪುಣೆಯಲ್ಲಿ ಜೋತಿಬಾ ಫುಲೆ ತಮ್ಮ 'ಗುಲಾಮಗಿರಿ' ಪುಸ್ತಕವನ್ನು ಅಚ್ಚು ಹಾಕಿಸಿ, ಕರಿಯರ ಗುಲಾಮಗಿರಿಯನ್ನು ತೊಲಗಿಸಿದ ಅಮೆರಿಕದ ಒಳ್ಳೆಯ ಜನರಿಗೆ ಅರ್ಪಿಸಿದರು. ಒಂದೇ ದೇಶ. ಕ್ರಾಫಟ್ ಅದರ ನೆಲವನ್ನು ಮಾರಲು ಪಟ ಬರೆಸಿದ, ಫುಲೆ ಅದರ ಬಿಡುಗಡೆಯನ್ನು ಕಂಡು ಕೈ ಮುಗಿದರು. ಯಾವ ಅಮೆರಿಕವನ್ನು ನೋಡಬೇಕು ಅನ್ನುವ ತೀರ್ಮಾನ ನೋಡುವವರ ಕಣ್ಣಿನಲ್ಲಿದೆ.

ಆ ಹೆಂಗಸಿನ ಕೈಯಲ್ಲಿರುವ ಶಾಲೆಯ ಪುಸ್ತಕದ ಬಗ್ಗೆ ಒಂದು ಮಾತು ಹೇಳಿ ಮುಗಿಸುತ್ತೇವೆ. ನಮ್ಮ ಮನೆಗಳಲ್ಲಿ ಮೊದಲ ಬಾರಿಗೆ ಪುಸ್ತಕ ಹಿಡಿದವರು ನಾವು. ಅದನ್ನು ಬಿಸಾಡಿ ಅಂತ ಯಾರಿಗೂ ಹೇಳಲಾರೆವು. ಅದೇ ಪುಸ್ತಕದೊಳಗೆ ಖಾಲಿ ನೆಲದ ಸುಳ್ಳೂ ಇತ್ತು, ಅದನ್ನು ಬಾಯಿಪಾಠ ಮಾಡಿ ನಂಬರು ತಗೊಂಡವರೂ ನಾವೇ. ಆದ್ದರಿಂದ ಮೇಷ್ಟ್ರುಗಳಲ್ಲಿ ಒಂದು ಕೇಳಿಕೆ. ಈ ಎರಡೂ ಪಟಗಳನ್ನು ತರಗತಿಯ ಗೋಡೆಗೆ ಅಂಟಿಸಿ. ಬೆಳವಣಿಗೆಯ ಅಂಕಿಗಳನ್ನು ಮಕ್ಕಳಿಗೆ ಪೂರಾ ಹೇಳಿ, ಬಚ್ಚಿಡಬೇಡಿ. ಆಮೇಲೆ ಬಾಗಿಲ ಹತ್ತಿರ ಕೂತ ಅಜ್ಜಿ ಕೇಳಿದ ಪ್ರಶ್ನೆಯನ್ನು ಕೇಳಿ: ಇವರು ಯಾಕೆ ತಿರುಗಿ ನೋಡುತ್ತಿದ್ದಾರೆ? ಹಳಿ ಇಟ್ಟವರು ಇದರಲ್ಲಿ ಎಲ್ಲಿದ್ದಾರೆ? ಉತ್ತರ ಹೇಳಲು ಅವಸರ ಮಾಡಬೇಡಿ. ಮಕ್ಕಳು ಪಟವನ್ನು ಸ್ವಲ್ಪ ಹೊತ್ತು ನೋಡಲಿ.